ಗಲ್ಫ್ ಮಾತ್ರೆ, ಊರ ಮಾತ್ರೆ: ಹೆಸರು ಎರಡು, ಮದ್ದು ಒಂದೇ

ಗಲ್ಫ್‌ನಿಂದ ರಜೆಯಲ್ಲಿ ಬರುವವರ ಪೆಟ್ಟಿಗೆಯಲ್ಲಿ ಖರ್ಜೂರ, ಅತ್ತರಿನ ಜೊತೆ ನೋವಿನ ಮಾತ್ರೆಯೂ ಇರುವುದುಂಟು. ‘ಉಮ್ಮಾ, ಗಂಟುನೋವಿಗೆ ಇದು ಭಾರೀ ಒಳ್ಳೇದು, ದಿನಕ್ಕೆರಡು ತಗೊಳ್ಳಿ’ ಎಂದು ಕೊಟ್ಟು ಮಗ ವಿಮಾನ ಹತ್ತುತ್ತಾನೆ. ಇತ್ತ ಊರಿನ ಡಾಕ್ಟರು ಬರೆದ ಮಾತ್ರೆಯೂ ನಡೆಯುತ್ತಿರುತ್ತದೆ. ಅಪಾಯ ಶುರುವಾಗುವುದು ಇಲ್ಲಿಯೇ.

ಅಲ್ಲಿನ ವೋಲ್ಟಾರೆನ್, ಇಲ್ಲಿನ ವೊವೆರಾನ್ ಎರಡರಲ್ಲೂ ಇರುವುದು ಡೈಕ್ಲೋಫೆನಾಕ್. ಬ್ರೂಫೆನ್, ಕಾಂಬಿಫ್ಲಾಮ್‌ನಲ್ಲಿರುವ ಐಬುಪ್ರೊಫೆನ್ ಕೂಡ ಅದೇ ಗುಂಪಿನದು. ಇವನ್ನು ಒಟ್ಟಿಗೆ ನುಂಗಿದರೆ ಹೆಚ್ಚುವುದು ಅಡ್ಡಪರಿಣಾಮ. ಡೈಕ್ಲೋಫೆನಾಕ್ ದೊಡ್ಡವರಿಗೂ ದಿನಕ್ಕೆ 150 ಮಿ.ಗ್ರಾಂ. ಮೀರಬಾರದು. ಪ್ರಾಯದವರಿಗೆ ಆದಷ್ಟು ಕಡಿಮೆ ಪ್ರಮಾಣ, ಆದಷ್ಟು ಕಡಿಮೆ ದಿನ.

ನೋವು, ಊತ ತರುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ಈ ಮಾತ್ರೆಗಳು ತಡೆಯುತ್ತವೆ. ಆದರೆ ಹೊಟ್ಟೆಯ ಒಳಪದರವನ್ನು ಕಾಯುವುದು, ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದು ಕೂಡ ಅದೇ ರಾಸಾಯನಿಕ. ಹಾಗಾಗಿ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಹೃದ್ರೋಗ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಬಿಪಿ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರೂ ಅಷ್ಟೇ. ಗರ್ಭಿಣಿಯರಿಗೆ, ಮುಖ್ಯವಾಗಿ ಐದು ತಿಂಗಳ ನಂತರ, ಇದು ಬೇಡ.

ರಮಝಾನ್‌ನಲ್ಲಿ ಇನ್ನಷ್ಟು ಎಚ್ಚರ ಬೇಕು. ಹಗಲಿಡೀ ನೀರಿಲ್ಲದೆ ಒಣಗಿದ ದೇಹದಲ್ಲಿ ಕಿಡ್ನಿಗೆ ಹೊರೆ ಹೆಚ್ಚು. ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ ಇಫ್ತಾರ್ ಶುರುಮಾಡಬೇಡಿ. ಊಟದ ನಂತರ ತೆಗೆದುಕೊಳ್ಳಿ, ರಾತ್ರಿ ಸಾಕಷ್ಟು ನೀರು ಕುಡಿಯಿರಿ. ಬಿಪಿ, ಸಕ್ಕರೆ ಕಾಯಿಲೆ ಇದ್ದವರು ಉಪವಾಸ ಶುರುವಾಗುವ ಮೊದಲೇ ಡಾಕ್ಟರನ್ನು ಕಂಡು ಮಾತ್ರೆಯ ಹೊತ್ತು ನಿಗದಿ ಮಾಡಿಕೊಳ್ಳುವುದು ಒಳ್ಳೆಯದು.

ಮಳೆಗಾಲದ ಜ್ವರಕ್ಕೂ ಈ ಮಾತ್ರೆ ಆಗದು. ಅದು ಡೆಂಗಿ ಆಗಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದೂ ಮಿತಿಯಲ್ಲಿ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಕೂಡ ಇದೆ ಎಂಬುದು ನೆನಪಿರಲಿ.

ಮಲ ಟಾರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಮುಖ ಕಾಲು ಊದಿಕೊಂಡರೆ, ಉಸಿರು ಕಟ್ಟಿದರೆ ಮಾತ್ರೆ ನಿಲ್ಲಿಸಿ ತಡಮಾಡದೆ ಆಸ್ಪತ್ರೆಗೆ ಹೋಗಿ.

ಬರೇ ಮೊಣಕಾಲಿನ ನೋವಾದರೆ ಮೊದಲು ಹಚ್ಚುವ ಜೆಲ್ ಸಾಕಾಗುತ್ತದೆಯೇ ಎಂದು ಡಾಕ್ಟರಲ್ಲಿ ಕೇಳಿ. ಜೆಲ್‌ನಿಂದ ರಕ್ತಕ್ಕೆ ಸೇರುವ ಮದ್ದು ಬಹಳ ಕಡಿಮೆ. ಕ್ಲಿನಿಕ್‌ಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್, ಗಲ್ಫ್‌ನದ್ದೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ‘ಬೇರೆ ಏನಾದ್ರೂ ತಗೊಳ್ತೀರಾ?’ ಎಂದು ಡಾಕ್ಟರು ಕೇಳಿದಾಗ ನೆನಪಿಗಿಂತ ಚೀಲವೇ ಸರಿಯಾದ ಉತ್ತರ ಕೊಡುತ್ತದೆ.