ನಂದಿಯ ಮಗಳು ಕೊರೆದ ಕಮರಿ

ನೆಲ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ! ಕೋಟೆಯ ಪಾಳುಗೋಡೆಗಳನ್ನು ಬಳಸಿಕೊಂಡು, ಕುರುಚಲು ಗಿಡ ಸರಿಸಿಕೊಂಡು, ಬಂಡೆಯಿಂದ ಬಂಡೆಗೆ ಕಾಲಿಡುತ್ತ ಹೋಗುತ್ತಿರುತ್ತೀರಿ. ಎದುರಿಗೆ ಇನ್ನೊಂದು ಕಲ್ಲುಗುಡ್ಡ, ಅಷ್ಟೇ. ಇನ್ನೆರಡು ಹೆಜ್ಜೆ ಇಟ್ಟಿರೋ, ಆ ಗುಡ್ಡಕ್ಕೂ ನಿಮಗೂ ನಡುವೆ ಭೂಮಿಯೇ ಇಲ್ಲ! ಸುಮಾರು 300 ಅಡಿ ಆಳದಲ್ಲಿ ಪೆನ್ನಾರ್ ನದಿ ಹಸಿರಾಗಿ ಮಲಗಿದೆ. ಎರಡೂ ಕಡೆ ಕೆಂಪು ಬಂಡೆಯ ಗೋಡೆಗಳು ನೆಟ್ಟಗೆ ಎದ್ದು ನಿಂತಿವೆ. ಎದೆ ಝಲ್ಲೆನ್ನುತ್ತದೆ, ಬಾಯಿಂದ ಮಾತೇ ಹೊರಡುವುದಿಲ್ಲ.

ಇದು ಗಂಡಿಕೋಟ. ಆಂಧ್ರದ ಕಡಪ ಜಿಲ್ಲೆಯಲ್ಲಿ, ಜಮ್ಮಲಮಡುಗು ಪಟ್ಟಣದಿಂದ ಸುಮಾರು 15 ಕಿ.ಮೀ. ದೂರ, ಬೆಂಗಳೂರಿನಿಂದ ಹೆಚ್ಚುಕಡಿಮೆ 280 ಕಿ.ಮೀ. ಶನಿವಾರ ನಸುಕಿಗೇ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಇಲ್ಲಿರಬಹುದು. ಎಲ್ಲರೂ ಇದನ್ನು ಭಾರತದ ಗ್ರ್ಯಾಂಡ್ ಕ್ಯಾನಿಯನ್ ಎನ್ನುತ್ತಾರೆ. ಅಮೆರಿಕದ ಹೆಸರು ಇದಕ್ಕೆ ಯಾಕೆ ಬೇಕು? ಈ ಕಮರಿಯನ್ನು ಕೊರೆದವಳು ನಮ್ಮ ನಂದಿಬೆಟ್ಟದ ಸೀಮೆಯ ಮಗಳು!

ಹೌದು, ಪೆನ್ನಾರ್ ಎಂದರೆ ನಮ್ಮ ಉತ್ತರ ಪಿನಾಕಿನಿ. ಚಿಕ್ಕಬಳ್ಳಾಪುರ ಜಿಲ್ಲೆಯ ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟಿ, ಗೌರಿಬಿದನೂರನ್ನು ಹಾದು, ಹಿಂದೂಪುರದ ಕಡೆ ಗಡಿ ದಾಟುತ್ತಾಳೆ. ತವರು ಬಿಟ್ಟುಹೋಗಲು ಮನಸ್ಸಾಗದೆ ಎಂಬಂತೆ ಪಾವಗಡ ತಾಲ್ಲೂಕಿಗೆ ಇನ್ನೊಮ್ಮೆ ಬಂದು, ಮತ್ತೆ ಆಂಧ್ರ ಸೇರಿ, ಅನಂತಪುರದ ಒಣನೆಲ ಸುತ್ತಿ, ಪೂರ್ವಕ್ಕೆ ಹೊರಳುತ್ತಾಳೆ. ಅದೇ ನಂದಿ ಸೀಮೆಯಲ್ಲಿ ಹುಟ್ಟುವ ಚಿತ್ರಾವತಿ ಬಾಗೇಪಲ್ಲಿ, ಪುಟ್ಟಪರ್ತಿಗಳ ದಾರಿಯಲ್ಲಿ ಹರಿದು ಬಂದು, ಗಂಡಿಕೋಟಕ್ಕೆ ಸ್ವಲ್ಪ ಮೊದಲು ಇವಳನ್ನು ಕೂಡಿಕೊಳ್ಳುತ್ತಾಳೆ. ಒಂದೇ ಸೀಮೆಯಲ್ಲಿ ಹುಟ್ಟಿ ಬೇರೆ ಬೇರೆ ದಿಕ್ಕು ಹಿಡಿದ ಅಕ್ಕತಂಗಿಯರು ಮತ್ತೆ ಜೊತೆಯಾಗಿ ಬೆಟ್ಟ ಸೀಳಲು ಹೊರಡುತ್ತಾರೆ! ಗೌರಿಬಿದನೂರಿನ ಸೇತುವೆಯ ಮೇಲೆ ನಿಂತು, ಬರೀ ಮರಳು ಮತ್ತು ಮುಳ್ಳುಪೊದೆ ನೋಡಿ, ಇದೂ ಒಂದು ನದಿಯೇ ಎಂದು ಮುಖ ತಿರುಗಿಸಿದವರೆಲ್ಲ ಈ ಅಂಚಿಗೆ ಬಂದು ನಿಲ್ಲಬೇಕು.

ಅಂಚಿನಲ್ಲಿ ಕುಳಿತರೆ ಮೊದಲು ಕಣ್ಣಿಗೆ ಬೀಳುವುದು ಗೋಡೆಯ ಕಟ್ಟಡ. ಕಟ್ಟಡವೆಂದೇ ಹೇಳಬೇಕು, ಅಷ್ಟು ಅಚ್ಚುಕಟ್ಟು! ಅಡ್ಡಡ್ಡ ಪದರಗಳು, ಅವುಗಳನ್ನು ಕತ್ತರಿಸುವ ಉದ್ದುದ್ದ ಬಿರುಕುಗಳು, ನಡುವೆ ಚೌಕಾಕಾರದ ಭಾರೀ ದಿಮ್ಮಿಗಳು. ಈ ಕಲ್ಲನ್ನು ಗ್ರಾನೈಟ್ ಎನ್ನುವವರಿದ್ದಾರೆ. ಅಲ್ಲ, ಇದು ಕ್ವಾರ್ಟ್‌ಜೈಟ್: ಮರಳು ಪದರಪದರವಾಗಿ ಕೂತು, ಒತ್ತಡಕ್ಕೆ ಸಿಕ್ಕಿ, ಕಣಕಣ ಬೆಸೆದು ಗಟ್ಟಿಯಾದ ಕಲ್ಲು. ಭೂವಿಜ್ಞಾನಿಗಳು ಈ ಪದರಗಳಿಗೆ ಗಂಡಿಕೋಟ ಕ್ವಾರ್ಟ್‌ಜೈಟ್ ಎಂದು ಊರಿನ ಹೆಸರನ್ನೇ ಇಟ್ಟಿದ್ದಾರೆ. ಇವು ನೂರು ಕೋಟಿ ವರ್ಷಗಳಿಗೂ ಹಿಂದಿನವು. ಆಗ ಭೂಮಿಯ ಮೇಲೆ ಮರವಿರಲಿಲ್ಲ, ಹುಲ್ಲಿರಲಿಲ್ಲ, ಮೀನು ಕೂಡ ಇನ್ನೂ ಹುಟ್ಟಿರಲಿಲ್ಲ!

ಒಂದು ಚಪ್ಪಟೆ ಬಂಡೆಯ ಮೇಲೆ ಸಂಜೆಯ ಓರೆ ಬಿಸಿಲು ಬಿದ್ದಿತ್ತು. ಅದರ ಮೈಮೇಲೆ ಸಾಲುಸಾಲು ಏರಿಳಿತಗಳು. ಕೆರೆಯಂಚಿನ ತೆಳುನೀರಿನಡಿ ಮರಳಿನಲ್ಲಿ ಮೂಡುವ ಅಲೆಯ ಗೆರೆಗಳೇ ಅವು, ಆದರೆ ಕಲ್ಲಾಗಿ ನಿಂತಿವೆ! ಬಗ್ಗಿ ಬೆರಳಾಡಿಸಿದೆ. ಒಂದೊಂದು ಗೆರೆಯ ನಡುವೆ ಎರಡು ಬೆರಳು ಹಿಡಿಸುವಷ್ಟು ತಗ್ಗು; ಅದರಲ್ಲಿ ಬಿಸಿಲಿಗೆ ಕಾದ ಧೂಳು. ಅಂದು ಇಲ್ಲಿ ಆಳವಿಲ್ಲದ ನೀರಿತ್ತು, ಅಲೆಗಳು ಬಂದುಹೋಗುತ್ತಿದ್ದವು, ಹೀಗೇ ಮರಳನ್ನು ಗುಡಿಸುತ್ತಿದ್ದವು. ನೋಡಲು ಒಂದು ಕಣ್ಣೂ ಇರದಿದ್ದ ದಡದ ಗುರುತು ಇಂದು ನನ್ನ ಅಂಗೈ ಕೆಳಗಿದೆ!

ಇಷ್ಟು ಗಟ್ಟಿ ಕಲ್ಲನ್ನು ನಮ್ಮ ಬಡಕಲು ನದಿ ಸೀಳಿದ್ದು ಹೇಗೆ? ಉತ್ತರ ಆ ಬಿರುಕುಗಳಲ್ಲೇ ಇದೆ. ಕ್ವಾರ್ಟ್‌ಜೈಟ್ ಸುಲಭಕ್ಕೆ ಸವೆಯುವುದಿಲ್ಲ, ಆದರೆ ಸೀಳು ಬಿಟ್ಟಲ್ಲಿ ಒಡೆಯುತ್ತದೆ. ಪ್ರವಾಹ ಬಂದಾಗ ನದಿ ಬುಡ ಕೊರೆಯುತ್ತದೆ. ಬುಡ ತಪ್ಪಿದ ದಿಮ್ಮಿ ಬಿರುಕಿನ ಗುಂಟ ಕಳಚಿ ಉರುಳುತ್ತದೆ. ಹಾಗಾಗಿಯೇ ಗೋಡೆ ಇಳಿಜಾರಾಗದೆ ನೆಟ್ಟಗೆ ಉಳಿದಿದೆ. ಎರ್ರಮಲ ಬೆಟ್ಟಸಾಲನ್ನು ಸುತ್ತಿ ಹೋಗುವ ಬದಲು ನದಿ ಅದರ ನಡುವಿನಿಂದಲೇ ನುಗ್ಗಿದೆ. ಇಲ್ಲಿಂದ ಹೊರಬಿದ್ದವಳು ನೆಲ್ಲೂರು ದಾಟಿ ಬಂಗಾಳ ಕೊಲ್ಲಿ ಸೇರುವ ಹೊತ್ತಿಗೆ ಸುಮಾರು 600 ಕಿ.ಮೀ. ನಡೆದಿರುತ್ತಾಳೆ.

ಇಂಥ ಜಾಗವನ್ನು ರಾಜರು ಬಿಟ್ಟಾರೆಯೇ! ಒಂದು ಕಡೆ ಈ ಕಮರಿಯೇ ಕಂದಕ, ಉಳಿದ ಕಡೆ ಕೆಂಪು ಕಲ್ಲಿನ ಎತ್ತರದ ಗೋಡೆ. ವಿಜಯನಗರದ ಸಾಮಂತರಾಗಿದ್ದ ಪೆಮ್ಮಸಾನಿ ನಾಯಕರು ಇಲ್ಲಿಂದ ಆಳಿದರು. 1650ರ ಸುಮಾರಿಗೆ ಗೋಲ್ಕೊಂಡದ ಸೇನಾನಿ ಮೀರ್ ಜುಮ್ಲಾ ಕೋಟೆ ಹಿಡಿದ. ಫ್ರೆಂಚ್ ರತ್ನ ವ್ಯಾಪಾರಿ ಟಾವೆರ್ನಿಯೇ 1652ರಲ್ಲಿ ಅವನನ್ನು ಕಾಣಲು ಇದೇ ಬೆಟ್ಟ ಹತ್ತಿದ್ದ. ದಾರಿ ಎಷ್ಟು ದುರ್ಗಮ, ಕೋಟೆ ಎಷ್ಟು ಬಲಿಷ್ಠ ಎಂದು ಬೆರಗಾಗಿ ಬರೆದಿಟ್ಟ. ಇಂದು ಒಳಹೊಕ್ಕರೆ ಹಂಪಿ ನೋಡಿದ ಕಣ್ಣಿಗೆ ಮಾಧವರಾಯ ಗುಡಿಯ ಗೋಪುರ ತಕ್ಷಣ ಗುರುತು ಸಿಗುತ್ತದೆ. ಸ್ವಲ್ಪ ದೂರದಲ್ಲೇ ಜಾಮಿಯಾ ಮಸೀದಿಯ ಕಮಾನುಗಳು. ಪಕ್ಕದಲ್ಲಿ ಕಮಾನು ಚಾವಣಿಯ ದೊಡ್ಡ ಕಣಜ. ಮಸೀದಿಯ ಮೆಟ್ಟಿಲ ಮೇಲೆ ನಿಂತರೆ ಗೋಪುರ, ಗೋಪುರದ ಬಾಗಿಲಲ್ಲಿ ನಿಂತರೆ ಮಿನಾರು!

ಇನ್ನೂ ಒಂದು ಸಂಗತಿ ತಿಳಿದಾಗ ನನಗೆ ರೋಮಾಂಚನವಾಯಿತು. ಕಮರಿಯ ಮೇಲ್ಭಾಗದಲ್ಲಿ ಗಂಡಿಕೋಟ ಜಲಾಶಯವಿದೆ, ಕೆಳಭಾಗದಲ್ಲಿ ಮೈಲವರಂ ಅಣೆಕಟ್ಟು. ಮೇಲಿನ ಜಲಾಶಯಕ್ಕೆ ಶ್ರೀಶೈಲದಿಂದ ಕೃಷ್ಣೆಯ ಪ್ರವಾಹದ ನೀರನ್ನು ಗಾಲೇರು-ನಗರಿ ಕಾಲುವೆಯಲ್ಲಿ ತರುತ್ತಾರೆ. ಅಂದರೆ ಆಲಮಟ್ಟಿ, ನಾರಾಯಣಪುರ ದಾಟಿ ಹೋದ ಕೃಷ್ಣೆ, ಹೊಸಪೇಟೆಯ ಅಣೆ ದಾಟಿ ಹೋದ ತುಂಗಭದ್ರೆ, ಇಬ್ಬರೂ ಇಲ್ಲಿ ಪಿನಾಕಿನಿಯ ಮನೆಗೆ ಬರುತ್ತಾರೆ! ಭೂಪಟದಲ್ಲಿ ಪಿನಾಕಿನಿಯನ್ನು ಎಂದೂ ಕೂಡದ ನದಿಗಳು ಕಾಲುವೆಯಿಂದಾಗಿ ಅವಳ ಕಣಿವೆಯಲ್ಲಿ ಬೆರೆಯುತ್ತವೆ.

ರಾತ್ರಿ ತಂಗಲು ಕೋಟೆಯ ಹತ್ತಿರವೇ ಆಂಧ್ರ ಪ್ರವಾಸೋದ್ಯಮದ ಹರಿತಾ ಹೋಟೆಲ್ ಇದೆ. ಭಾನುವಾರ ಬೆಳಕು ಹರಿಯುವ ಮೊದಲೇ ಎದ್ದು ಅಂಚಿಗೆ ಹೋಗಿ. ಮೊದಲ ಬಿಸಿಲು ಮೇಲಿನ ಪದರಕ್ಕೆ ತಾಗಿ, ಒಂದೊಂದೇ ಪದರ ಇಳಿಯುತ್ತ, ಕಂದು ಕೆಂಪಾಗಿ, ಕೆಂಪು ಕಿತ್ತಳೆಯಾಗಿ, ಕೊನೆಗೆ ನೀರನ್ನು ಮುಟ್ಟುತ್ತದೆ. ಅಂಚಿಗೆ ಬೇಲಿಯಿಲ್ಲ, ಮಕ್ಕಳ ಕೈ ಬಿಡಬೇಡಿ, ಫೋಟೊಗಾಗಿ ಹಿಂದೆ ಹಿಂದೆ ಸರಿಯಬೇಡಿ.

ಅಲ್ಲಿಂದ ನೇರ ಬೇಲಂ ಗುಹೆಗಳಿಗೆ ಹೋಗಿ, ಸುಮಾರು 60 ಕಿ.ಮೀ. ದಾರಿ. ಗಂಡಿಕೋಟದಲ್ಲಿ ನೀರು ಕಲ್ಲನ್ನು ಒಡೆಯಿತು, ಇಲ್ಲಿ ಕರಗಿಸಿತು! ಬೇಲಂನದು ಸುಣ್ಣಕಲ್ಲು. ಬಯಲು ಹೊಲದ ನಡುವೆ ಬಾವಿಯಂಥ ಬಾಯಿ, ಇಳಿದರೆ ನಯವಾಗಿ ಸುತ್ತುವ ಓಣಿಗಳು, 3,229 ಮೀಟರ್ ಉದ್ದ! 1884ರಲ್ಲಿ ಇದನ್ನು ದಾಖಲಿಸಿದವರು ನಮ್ಮ ಬಳ್ಳಾರಿ ಸೀಮೆಯ ಆದಿಮಾನವರ ನೆಲೆಗಳನ್ನೂ ಹುಡುಕಿದ ರಾಬರ್ಟ್ ಬ್ರೂಸ್ ಫೂಟ್. ಎಲ್ಲಕ್ಕಿಂತ ಆಳದಲ್ಲಿ ಪಾತಾಳಗಂಗೆ ಎಂಬ ತೊರೆ. ಕೈಯಿಟ್ಟರೆ ತಣ್ಣಗೆ ಹರಿಯುತ್ತಿದೆ, ತನ್ನ ಕೆಲಸವನ್ನು ಇನ್ನೂ ನಿಲ್ಲಿಸಿಲ್ಲ!

ಬೇಸಿಗೆಯಲ್ಲಿ ಈ ಸೀಮೆಯ ಬಿಸಿಲು ಸುಡುತ್ತದೆ. ಮಳೆ ಮುಗಿದ ಮೇಲೆ, ಅಕ್ಟೋಬರಿನಿಂದ ಫೆಬ್ರವರಿಯೊಳಗೆ ಹೋಗಿ. ನನ್ನ ಆಸೆ ಮಾತ್ರ ಇನ್ನೂ ದೊಡ್ಡದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ, ಪಾವಗಡದ ಪ್ರತಿಯೊಂದು ಶಾಲೆಯ ಪ್ರವಾಸದ ಪಟ್ಟಿಯಲ್ಲಿ ಗಂಡಿಕೋಟ ಇರಬೇಕು. ನದಿಯ ಒಡಲಿಗೆ ಕಸ ಸುರಿಯುವುದನ್ನು, ಮರಳು ಬಗೆಯುವುದನ್ನು ದಿನವೂ ನೋಡುವ ಮಕ್ಕಳು ಇವರು. ತಮ್ಮೂರಿನ ನದಿ ಬೆಟ್ಟವನ್ನೇ ಸೀಳಿದ್ದನ್ನು ಕಣ್ಣಾರೆ ಕಂಡವರು ನಾಳೆ ಅದರೊಳಗೆ ಕಸ ಸುರಿಯಲು ಯಾರನ್ನೂ ಬಿಡುವುದಿಲ್ಲ!