ತಾಂಡೂರು ಕಲ್ಲಿನ ಮೇಲೆ ನಿಂಬೆರಸ

ತೆಲಂಗಾಣದ ತಾಂಡೂರಿನ ಸುತ್ತಮುತ್ತ ಮನೆಯ ನೆಲಕ್ಕೂ ಅಂಗಳಕ್ಕೂ ಊರಿನದೇ ಕಲ್ಲು. ಆ ಫರ್ಸಿಯ ಮೇಲೆ ನಿಂಬೆರಸ ಬಿದ್ದು ಹಾಗೇ ಉಳಿದರೆ ಹೊಳಪು ಹೋಗಿ ಮಾಸಲು ಕಲೆ ನಿಲ್ಲುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನಾಲ್ಕನೇ ತರಗತಿಯ ವಿಜ್ಞಾನ ಆ ಕಲೆಯಿಂದಲೇ ಶುರುವಾಗಬಹುದು.

ಮೊಳೆಯಿಂದ ಕಲ್ಲನ್ನು ಕೆರೆದು, ಪುಡಿಯ ಮೇಲೆ ಎರಡು ಹನಿ ನಿಂಬೆರಸ ಬಿಟ್ಟರೆ ಸಣ್ಣ ಗುಳ್ಳೆ ಏಳುತ್ತವೆ. ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟ್ ಹುಳಿಯ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆದರೆ ಮಾಸ್ತರು ಇದನ್ನು ಮೊದಲೇ ಹೇಳಿಬಿಟ್ಟರೆ ಕೆಲಸ ಕೆಟ್ಟಿತು. ಮೊದಲು ಮಕ್ಕಳು ಸಾಮಾನು ಕೂಡಿಸಲಿ: ಫರ್ಸಿ ಚೂರು, ಎರೆಹೊಲದಲ್ಲಿ ಸಿಗುವ ಬಿಳಿ ಸುಣ್ಣದ ಹರಳು, ಜಹೀರಾಬಾದ್ ಕಡೆಯ ಕೆಂಪು ಜಂಬಿಟ್ಟಿಗೆ, ಬಿಸಿಯೂಟದ ಮೊಟ್ಟೆಯ ಸಿಪ್ಪೆ, ಒಂದು ಸೀಮೆಸುಣ್ಣ. ಯಾವುದರಲ್ಲಿ ಗುಳ್ಳೆ ಬರುತ್ತದೆ, ಯಾವುದರಲ್ಲಿ ಇಲ್ಲ ಎಂದು ಪ್ರತಿ ಮಗುವೂ ಮುಂಚೆಯೇ ಬರೆದಿಡಲಿ. ಸೀಮೆಸುಣ್ಣದಲ್ಲಿ ಬಂದೇ ಬರುತ್ತದೆ ಎಂದು ಹೆಚ್ಚಿನವರು ಬರೆಯುತ್ತಾರೆ. ಆದರೆ ಅಂಗಡಿಯ ಬಹುಪಾಲು ಸೀಮೆಸುಣ್ಣ ಜಿಪ್ಸಂನದು, ಅದರಲ್ಲಿ ಕಾರ್ಬೊನೇಟ್ ಇಲ್ಲ. ಹಾಗಾಗಿ ಗುಳ್ಳೆಯೂ ಇಲ್ಲ. ಬರೆದದ್ದು ತಪ್ಪಾಯಿತು ಎಂದು ಗೊತ್ತಾದಾಗ ಮಗು ಏನು ಮಾಡುತ್ತದೆ? ಮಾಸ್ತರು ಕಣ್ಣಿಟ್ಟು ನೋಡಬೇಕಾದ್ದು ಅಲ್ಲಿ. ಅದು ರಬ್ಬರ್ ಹುಡುಕಿದರೆ ಶಾಲೆ ಅದಕ್ಕೆ ಹೆದರಿಕೆ ಕಲಿಸಿದೆ ಎಂದರ್ಥ. ಇನ್ನೊಂದು ಸೀಮೆಸುಣ್ಣ ತಂದು ಮತ್ತೆ ಹನಿ ಬಿಟ್ಟರೆ, ವೈಜ್ಞಾನಿಕ ಮನೋಭಾವ ಅಂತ ನಾವು ಕರೆಯುವುದು ಅದನ್ನೇ. 1976ರ 42ನೇ ತಿದ್ದುಪಡಿ ಸಂವಿಧಾನದಲ್ಲಿ ಪ್ರತಿ ನಾಗರಿಕನ ಕರ್ತವ್ಯವೆಂದು ಬರೆದದ್ದೂ ಇದನ್ನೇ.

ಈ ಸೀಮೆಯಲ್ಲಿ ಪ್ರಶ್ನೆ ಕೇಳುವುದಕ್ಕೆ ಮಾತಿನ ಕಷ್ಟವೂ ಇದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ಬೀದರ ಜಿಲ್ಲೆಯ ನಾರಾಯಣಖೇಡ ಮತ್ತು ಜಹೀರಾಬಾದ್ ತಾಲ್ಲೂಕಿನ ಬಹುಭಾಗ, ಗುಲ್ಬರ್ಗಾ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು; ಈಗ ತೆಲಂಗಾಣದಲ್ಲಿವೆ. ಗಡಿ ಸರಿದರೂ ಮನೆಮಾತು ಸರಿಯಲಿಲ್ಲ. ಇವತ್ತಿಗೂ ಅಲ್ಲಿ ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಕೇಳುತ್ತವೆ. 2022–23ರಿಂದ ತೆಲಂಗಾಣದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಎಂಟನೇ ತರಗತಿವರೆಗೆ ಇಂಗ್ಲಿಷ್ ಮಾಧ್ಯಮ ಬಂತು. ಅದರ ಒಳಿತು ಕೆಡುಕಿನ ಚರ್ಚೆ ಬೇರೆ. ಆದರೆ ಪ್ರಯೋಗದ ಹೊತ್ತಿಗಾದರೂ ಯಾವ ಮಾತಿನಲ್ಲಿ ಬೇಕಾದರೂ ಕೇಳಲು ಬಿಡಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಇಂಗ್ಲಿಷ್ ವಾಕ್ಯ ಕೂಡಿಸುತ್ತ ಕೂತರೆ ಎಂಟು ವರ್ಷದ ಮಗುವಿನ ಪ್ರಶ್ನೆ ಬಾಯಿಗೆ ಬರುವ ಮುಂಚೆಯೇ ಸತ್ತುಹೋಗುತ್ತದೆ.

ಜಹೀರಾಬಾದ್ ಪಕ್ಕದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ 1983ರಿಂದ ಕೆಲಸ ಮಾಡುತ್ತಿದೆ. ಅದನ್ನು ಕಟ್ಟಿದವರಲ್ಲಿ ಪ್ರಮುಖರು ಮೈಸೂರಿನ ಪಿ. ವಿ. ಸತೀಶ್; ಅವರು 2023ರಲ್ಲಿ ತೀರಿಕೊಂಡರು. ಅಲ್ಲಿನ ಸಂಘಗಳ ಹೆಣ್ಣುಮಕ್ಕಳು, ಬಹುತೇಕ ದಲಿತರು, ಒಂದೇ ಹೊಲದಲ್ಲಿ ಹತ್ತಾರು ಬೆಳೆ ಬೆಳೆದು ಬೀಜ ಕಾಯ್ದುಕೊಂಡು ಬಂದಿದ್ದಾರೆ. ಸಂಕ್ರಾಂತಿ ಹೊತ್ತಿಗೆ ಎತ್ತಿನ ಬಂಡಿಗಳಲ್ಲಿ ಆ ಬೀಜಗಳ ಜಾತ್ರೆ ಊರೂರು ಸುತ್ತುತ್ತದೆ. ಆ ಬಂಡಿ ಶಾಲೆಯ ಮುಂದೆ ಬಂದು ನಿಂತ ದಿನ ಪುಸ್ತಕ ಮುಚ್ಚಬೇಕು.

ಕಾಳಿಗೆ ಬೂದಿ ಹಚ್ಚಿಟ್ಟರೆ ಹುಳ ಬೀಳುವುದಿಲ್ಲ ಎನ್ನುತ್ತಾಳೆ ಬಂಡಿಯ ಜೊತೆ ಬಂದ ಅಜ್ಜಿ. ಆಕೆಯ ಮಾತಿಗೆ ತಲೆಯಾಡಿಸುವುದೂ ಬೇಡ, ಮೂಢನಂಬಿಕೆ ಎಂದು ತಳ್ಳುವುದೂ ಬೇಡ. ಒಂದೇ ಅಳತೆಯ ಎರಡು ಡಬ್ಬಿ, ಒಂದೇ ರಾಶಿಯ ತೊಗರಿ, ಒಂದೇ ಕಪಾಟು. ಒಂದಕ್ಕೆ ಬೂದಿ, ಇನ್ನೊಂದಕ್ಕೆ ಇಲ್ಲ. ವಾರಕ್ಕೊಮ್ಮೆ ತೂತು ಬಿದ್ದ ಕಾಳು ಎಣಿಸಿ ಬರೆಯುವುದು. ಒಂದನ್ನು ಮಾತ್ರ ಬದಲಿಸಿ ಉಳಿದದ್ದೆಲ್ಲ ಹಾಗೇ ಇಡಬೇಕೆಂಬ ಶಿಸ್ತು ಹತ್ತು ವರ್ಷದೊಳಗೆ ಕೈಗೆ ಬಂದರೆ, ಮುಂದೆ ಔಷಧದ ಜಾಹೀರಾತನ್ನೂ ಚುನಾವಣೆಯ ಭರವಸೆಯನ್ನೂ ಆ ಮಗು ಅದೇ ಕಣ್ಣಿನಿಂದ ನೋಡುತ್ತದೆ. ತೊಗರಿಯ ಪಾಠ ಡಬ್ಬಿಯಲ್ಲೇ ಮುಗಿಯುವುದಿಲ್ಲ. ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅದೇ ತೊಗರಿ ಗಿಡವನ್ನು ಬೇರು ಹರಿಯದಂತೆ ಅಗೆದು ನೋಡಿದರೆ ಬೇರಲ್ಲಿ ಗಂಟುಗಳು ಕಾಣುತ್ತವೆ. ಸೀಳಿದಾಗ ಒಳಗೆ ನಸುಗೆಂಪಾಗಿದ್ದರೆ ಅಲ್ಲಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿವೆ. ಪಕ್ಕದ ಜೋಳದ ಬೇರಲ್ಲಿ ಆ ಗಂಟು ಯಾಕಿಲ್ಲ? ಜೋಳ, ತೊಗರಿ ಜೊತೆಗೇ ಯಾಕೆ ಬಿತ್ತುತ್ತಾರೆ? ಮುಂದಿನ ಪಾಠ ಮಕ್ಕಳೇ ಎತ್ತುತ್ತಾರೆ.

ಲೆಕ್ಕದ ಪಾಠಕ್ಕೂ ದೂರ ಹೋಗಬೇಕಿಲ್ಲ. ತಾಂಡೂರನ್ನು ದಾಟಿ ಹರಿಯುವ ಕಾಗಿಣಾ ನದಿ ಮುಂದೆ ಮಳಖೇಡಕ್ಕೆ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟಕ್ಕೆ ಹೋಗುತ್ತದೆ. ಅಲ್ಲಿನ ದೊರೆ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಮಾವಿನಹಣ್ಣಿನ ಒಂದು ಲೆಕ್ಕ ಬರುತ್ತದೆ. ರಾಶಿಯಲ್ಲಿ ಆರನೇ ಒಂದು ಪಾಲು ರಾಜನಿಗೆ, ಉಳಿದದ್ದರಲ್ಲಿ ಐದನೇ ಒಂದು ರಾಣಿಗೆ, ಆಮೇಲೆ ಮೂವರು ರಾಜಕುಮಾರರಿಗೆ ಉಳಿದುದರಲ್ಲಿ ಕ್ರಮವಾಗಿ ನಾಲ್ಕನೇ ಒಂದು, ಮೂರನೇ ಒಂದು, ಅರ್ಧ. ಕೊನೆಯ ಮಗುವಿಗೆ ಉಳಿದದ್ದು ಮೂರು ಹಣ್ಣು. ಭಿನ್ನರಾಶಿ ಗೊತ್ತಿಲ್ಲದ ಮಗುವೂ ಹುಣಸೆಬೀಜ ಹಿಡಿದು ಇದನ್ನು ಹಿಂದಿನಿಂದ ಬಿಡಿಸಬಲ್ಲದು. ಅರ್ಧ ತೆಗೆದ ಮೇಲೆ ಮೂರು ಉಳಿದವು, ಅಂದರೆ ಅದಕ್ಕೆ ಮುಂಚೆ ಆರಿದ್ದವು. ಅದಕ್ಕೂ ಮುಂಚೆ ಒಂಬತ್ತು, ಹನ್ನೆರಡು, ಹದಿನೈದು, ಹದಿನೆಂಟು. ಪ್ರತಿಯೊಬ್ಬರಿಗೂ ಸಿಕ್ಕಿದ್ದು ಮೂರೇ ಎಂದು ಕಂಡಾಗ ತರಗತಿಯಲ್ಲಿ ಏಳುವ ಗದ್ದಲವನ್ನು ಮಾಸ್ತರು ತಡೆಯಬಾರದು.

ಇದಕ್ಕೆಲ್ಲ ಖರ್ಚು ಇಲ್ಲ, ಪುರುಸೊತ್ತು ಬೇಕು. ಅಪ್ಪ ಅಮ್ಮ ಮಾಡಿಕೊಟ್ಟ ಥರ್ಮೊಕೋಲ್ ಜ್ವಾಲಾಮುಖಿಗೆ ಬಹುಮಾನ ಕೊಡುವ ವಿಜ್ಞಾನ ಪ್ರದರ್ಶನಗಳಿಗೆ ಹೋಗುವ ದಿನಗಳನ್ನು ಇದಕ್ಕೆ ಬಿಟ್ಟುಕೊಟ್ಟರೂ ಸಾಕು. ಪರೀಕ್ಷೆಯೂ ಬದಲಾಗಬೇಕು. ಐದನೇ ತರಗತಿಗೆ ಇಂಥದೊಂದು ಪ್ರಶ್ನೆ ಕೊಡಬಹುದು: ಒಂದು ಚೀಲದ ಜೋಳದಲ್ಲಿ 20 ಕಾಳಿಗೆ 17 ಮೊಳೆತವು, ಇನ್ನೊಂದರಲ್ಲಿ 10 ಕಾಳಿಗೆ 9. ಯಾವ ಚೀಲ ಬಿತ್ತುತ್ತೀ, ಯಾಕೆ? ಎರಡನೇ ಚೀಲದಿಂದ ಇನ್ನೂ ಹತ್ತು ಕಾಳು ನೆನೆಹಾಕಿ ನೋಡಿ ಹೇಳುತ್ತೇನೆ ಎಂದು ಬರೆದ ಮಗುವಿಗೆ ಪೂರ್ತಿ ಅಂಕ ಸಿಗಬೇಕು.