ಎರಡು ಕೊಕ್ಕು, ಒಂದೇ ಹೊಟ್ಟೆ

ಬೇಸಿಗೆ ರಜೆಗೆ ನಾನಿರುವ ಕರೂರಿಗೆ ಬರುವ ಅಕ್ಕನ ಮಕ್ಕಳಿಗೆ ಎರಡು ತಲೆಯ ಹಕ್ಕಿ ಗಂಡಭೇರುಂಡ ಅಂದರೆ ಸರ್ಕಾರಿ ಮುದ್ರೆ, ಅಷ್ಟೇ. ಅದನ್ನು ಆಟಕ್ಕೆ ಇಳಿಸಲು ನಾನು ಹೊರಟದ್ದು ಒಂದು ಸಿಟ್ಟಿನಿಂದ.

ಆಟ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಜಾತಿಯದು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ 1974ರಲ್ಲಿ ಹೊರತಂದದ್ದು. ಮೊಬೈಲ್ ಬೇಡ. ಒಬ್ಬರು ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ‘ನಾನು ಹಿಂಗ್ ಮಾಡ್ತೀನಿ’ ಅನ್ನಬೇಕು. ಆದೀತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಇದರ 1977ರ ಮೃಗಗಳ ಪುಸ್ತಕದಲ್ಲಿ ರಾಕ್ಷಸನೂ ಇದ್ದಾನೆ: ಹುಲಿಮುಖ, ಕೈಯಲ್ಲಿ ಹೊಗೆಸೊಪ್ಪಿನ ಪೈಪು, ಮಂತ್ರಿಸಿದ ಬಾಣವೊಂದು ತಾಗಿದರೆ ಕಥೆ ಮುಗಿಯಿತು. ಸಿಟ್ಟು ಬಂದದ್ದು ಇದಕ್ಕೇ. ನಮ್ಮಜ್ಜಿಯ ಕಥೆಯ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತಿತ್ತು! ಆಟಕ್ಕೆ ಅದಕ್ಕಿಂತ ಒಳ್ಳೆಯ ನಿಯಮ ಯಾವುದು?

ಹಾಗಾಗಿ ಗಂಡಭೇರುಂಡದ ನಿಯಮವನ್ನೂ ಅದರ ಕಥೆಯಲ್ಲೇ ಹುಡುಕಿದೆ. ಬಳ್ಳಿಗಾವೆಯಲ್ಲಿ 1047ರ ಕಂಬದ ಮೇಲಿರುವುದಕ್ಕೆ ಮನುಷ್ಯನ ಮೈ. ವಿಜಯನಗರದ ಅಚ್ಯುತದೇವರಾಯನ ನಾಣ್ಯದಲ್ಲಿ ಅದು ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಎತ್ತಿಕೊಂಡಿದೆ. ಬೇಲೂರಿನ ಶಿಲ್ಪವಂತೂ ದೊಡ್ಡ ಸರಪಣಿ: ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿದೆ, ಪಕ್ಕದಲ್ಲಿ ಬೆರಗಾಗಿ ನಿಂತ ಋಷಿ. ಯಾವ ಮೃಗಕ್ಕೆ ಎಷ್ಟು ಬಲ ಎಂದು ಅಂಕ ಹಾಕುವ ಕೆಲಸವನ್ನು ಶಿಲ್ಪಿಯೇ ಮುಗಿಸಿಟ್ಟಿದ್ದಾನೆ.

ಆದರೆ ಎಲ್ಲರನ್ನೂ ಗೆಲ್ಲುವ ಹಕ್ಕಿ ಆಟದಲ್ಲಿ ಬೇಜಾರು. ಅಲ್ಲಿ ಕೈಹಿಡಿದದ್ದು ಪಂಚತಂತ್ರ. ಅದರ ಭೇರುಂಡಕ್ಕೆ ಎರಡು ತಲೆ, ಒಂದೇ ಹೊಟ್ಟೆ. ಒಂದು ಬಾಯಿಗೆ ಅಮೃತದಂಥ ಹಣ್ಣು ಸಿಕ್ಕಿತು, ಇನ್ನೊಂದಕ್ಕೆ ಕೊಡಲಿಲ್ಲ. ಹಟಕ್ಕೆ ಬಿದ್ದ ಎರಡನೆಯದು ವಿಷದ ಹಣ್ಣು ತಿಂದಿತು, ಎರಡೂ ಸತ್ತವು.

ಸರಿ, ಹಕ್ಕಿಯನ್ನು ಶತ್ರು ಮಾಡುವುದನ್ನೇ ಬಿಟ್ಟೆ. ಇಬ್ಬರು ಹುಡುಗರು ಸೇರಿ ಒಂದು ಹಕ್ಕಿ. ಪ್ರಾಣದ ಅಂಕ ಇಬ್ಬರಿಗೂ ಒಂದೇ. ಮಾತಾಡಿಕೊಳ್ಳುವ ಹಾಗಿಲ್ಲ, ಏನು ಮಾಡುವುದೆಂದು ಚೀಟಿಯಲ್ಲಿ ಬರೆದು ಒಟ್ಟಿಗೆ ತೋರಿಸಬೇಕು. ಚೀಟಿ ಕೂಡಿದರೆ ಎರಡು ದಾಳ, ಕೂಡದಿದ್ದರೆ ಪೆಟ್ಟು ಹಕ್ಕಿಗೇ. ವಿಷದ ಹಣ್ಣು ಕಥೆಯಲ್ಲೆಲ್ಲೋ ಬಿದ್ದಿರುತ್ತದೆ.

ಅಣ್ಣ ಆನೆ ಎತ್ತೋಣ ಎಂದು ಬರೆದ, ತಮ್ಮ ಕೋಟೆಗೆ ಹಾರೋಣ ಎಂದು. ಮೂರು ಪೆಟ್ಟಾದ ಮೇಲೆ ಚಿಕ್ಕವನು ಚೀಟಿ ಎಸೆದ: ‘ಮಾಮಾ, ನಾ ಆ ಹಣ್ಣೇ ತಿಂತೀನಿ. ಅವನೂ ಸಾಯ್ಲಿ.’ ಪಂಚತಂತ್ರದ ಕಥೆಯನ್ನು ನಾನು ಅವರಿಗೆ ಹೇಳಿರಲೇ ಇಲ್ಲ.

ಬರುವ ರಜೆಗೆ ಶರಭ. ಎಂಟು ಕಾಲಿಗೆ ಎಷ್ಟು ದಾಳ ಎಂಬ ತಕರಾರು ಫೋನಿನಲ್ಲಿ ಈಗಲೇ ಶುರುವಾಗಿದೆ.